ಮ್ಯಾಡಮ್ ಸೂಟಿಯಲ್ಲಿದ್ದಾಗ

೨ ಜನವರಿ ೨೦೨೪, ಮಂಗಳವಾರ

ಈ ವರ್ಷ ಕಾರಖಾನೆಯಲ್ಲಿ ಎಲ್ಲರಿಗೂ ಒಂದೊಂದು ಡೈರಿ ಕೊಟ್ಟರು. ಮೊದಲೆಲ್ಲ ಮಿಠಾಯಿ ಕೊಡುತ್ತಿದ್ದರು. ಮನೆಯಲ್ಲಿ ಡೈರಿ ಯಾರಿಗೂ ಬೇಡ. ಮಗಳು ಸಾರಿಕಾ ಎಲ್ಲವನ್ನೂ ಫೋನಿನಲ್ಲೇ ಬರೆದಿಡುತ್ತಾಳೆ. ಸಾರಿಕಾನ ಅಪ್ಪ ಮರಾಠಿ ಪೇಪರ್ ಬಿಟ್ಟು ಬೇರೇನೂ ಮುಟ್ಟುವವರಲ್ಲ. ಸರಿ, ನಾನೇ ಬರೆದರಾಯಿತು ಎಂದುಕೊಂಡೆ. ವಾಗದರಿಯ ಕನ್ನಡ ಸಾಲೆಯಲ್ಲಿ ಹತ್ತನೆಯವರೆಗೆ ಓದಿದವಳು ನಾನು. ಈ ಸೋಲಾಪುರದ ಮನೆಯಲ್ಲಿ ಕನ್ನಡ ಮಾತಾಡಲು ಎಲ್ಲರಿಗೂ ಬರುತ್ತದೆ, ಓದಲು ಬರುವುದು ನನಗೊಬ್ಬಳಿಗೇ. ಇಷ್ಟು ನಿಶ್ಚಿಂತೆಯಿಂದ ಬೈಯಲು ಬೇರೆಲ್ಲಿ ಜಾಗ ಸಿಕ್ಕೀತು?

ಬೈಯಬೇಕಾಗಿರುವುದು ನಮ್ಮ ಹೊಸ ಮ್ಯಾನೇಜರ್ ಸ್ನೇಹಲ ಮ್ಯಾಡಮ್‌ಳನ್ನು. ದೀಪಾವಳಿ ಆದ ಮೇಲೆ ಬಂದಳು. ಅಕ್ಕಲಕೋಟದವಳು, ಬಟ್ಟೆ ನೇಯುವ ವಿದ್ಯೆಯಲ್ಲಿ ಇಂಜಿನಿಯರಿಂಗ್ ಓದಿದ್ದಾಳಂತೆ. ಅಕ್ಕಲಕೋಟ ರೋಡಿನ ಈ ಟಾವೆಲ್ ಕಾರಖಾನೆಗೆ ನಾನು ಸೇರಿದಾಗ ಅವಳಿನ್ನೂ ಎರಡು ಜಡೆ ಹಾಕಿಕೊಂಡು ಸಾಲೆಗೆ ಹೋಗುತ್ತಿದ್ದಿರಬೇಕು. ನಮ್ಮದು ಪ್ಯಾಕಿಂಗ್ ಹಾಲ್. ಹೊಲಿದು ಬಂದ ಟಾವೆಲ್‌ಗಳನ್ನು ಬಿಡಿಸಿ ನೋಡಿ, ಉಳಿದ ದಾರ ಕತ್ತರಿಸಿ, ಮಡಚಿ ರಟ್ಟಿನ ಡಬ್ಬಿಗೆ ತುಂಬುವವರು ನಾವು ಹೆಂಗಸರು. ಡಬ್ಬಿಗಳನ್ನು ಗಾಡಿಗೆ ಹೇರಿಸುವುದು ಭೀಮಣ್ಣ ಮತ್ತು ಅವನ ಹಮಾಲರ ಕೆಲಸ.

ಮೊದಲಿದ್ದ ಸಿದ್ದೇಶ್ವರ ಸಾಹೇಬರು ದಿನಾ ಬೈಯುತ್ತಿದ್ದರು, ಸಂಜೆಯ ಹೊತ್ತಿಗೆ ಮರೆತುಬಿಡುತ್ತಿದ್ದರು. ಇವಳು ಬೈಯುವುದೇ ಇಲ್ಲ. ನೆನಪಿಟ್ಟುಕೊಳ್ಳುತ್ತಾಳೆ. ಬಂದ ವಾರದಲ್ಲೇ ಫೋನುಗಳನ್ನು ಬಾಗಿಲ ಬಳಿಯ ಕಪಾಟಿನಲ್ಲಿ ಇಡಿಸಿದಳು. ಚಹಾದ ಹೊತ್ತು ಬದಲಿಸಿದಳು. ಒಂದು ಟೇಬಲ್ಲಿನವರು ಇನ್ನೊಂದು ಟೇಬಲ್ಲಿಗೆ ಹೋಗಿ ನಿಲ್ಲುವ ಹಾಗಿಲ್ಲ.

ಇಂದು ಊಟದ ಹೊತ್ತಿನಲ್ಲಿ ನಾನಂದೆ, "ಗಂಡಸು ಸಾಹೇಬ ಅಂದ್ರ ಮಾವ ಇದ್ದಂಗ. ಕೆಮ್ಮಿ ಹೊರಗ ಹೋಗ್ತಾನ. ಹೆಣ್ಣು ಸಾಹೇಬ ಅಂದ್ರ ಅತ್ತಿ. ಗಡಗಿ ಮುಚ್ಚಳಾ ತಗದು ನೋಡ್ತಾಳ."

ಎಲ್ಲರೂ ನಕ್ಕರು. ಸೋನಾಬಾಯಿಗಂತೂ ರೊಟ್ಟಿ ಗಂಟಲಿಗೆ ಸಿಕ್ಕಿ ಬೆನ್ನು ತಟ್ಟಬೇಕಾಯಿತು. ನಾವಿಬ್ಬರೂ ಒಂದೇ ವರ್ಷ ಸೇರಿದವರು, ಎದುರುಬದುರು ಟೇಬಲ್ಲು. ಅವಳು ಭಂಡಾರಕವಠೆಯವಳು. ಅವಳ ಊಟದ ಡಬ್ಬಿಯಲ್ಲಿ ಏನಿದೆ ಎಂದು ನಾನು ಮುಚ್ಚಳ ತೆಗೆಯದೆ ಹೇಳಬಲ್ಲೆ.

೯ ಜನವರಿ, ಮಂಗಳವಾರ

ಅವ್ವನ ಕಣ್ಣಿನ ಆಪರೇಷನ್‌ಗೆ ದಿನ ಗೊತ್ತಾಗಿದೆ. ಸೂಟಿ ಕೇಳಲು ಮ್ಯಾಡಮ್‌ಳ ಕ್ಯಾಬಿನ್ನಿಗೆ ಹೋದೆ. ಸಿದ್ದೇಶ್ವರ ಸಾಹೇಬರ ಮುಂದೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡರೆ ಸಾಕಿತ್ತು, "ಹೋಗ್ ಹೋಗ್" ಎಂದು ಕೈಬೀಸಿಬಿಡುತ್ತಿದ್ದರು. ನಾನು ಅದೇ ಸಿದ್ಧತೆಯಲ್ಲಿ ಹೋಗಿದ್ದೆ. ಕಣ್ಣಲ್ಲಿ ನೀರೂ ಬಂದಿತ್ತು.

"ಮಾವಶಿ, ಅಳಬ್ಯಾಡ್ರಿ," ಅಂದಳು. ವಯಸ್ಸಾದ ನಮ್ಮನ್ನೆಲ್ಲ ಅವಳು ಮರಾಠಿಯವರ ಹಾಗೆ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. "ಯಾವ ದಿವಸ ಬೇಕು, ನಿಮ್ಮ ಟೇಬಲ್ ಯಾರು ನೋಡ್ತಾರ, ಇಷ್ಟು ಹೇಳ್ರಿ ಸಾಕು."

ಹೇಳಿದೆ. ಕೊಟ್ಟಳು. ಆದರೆ ಕೊಟ್ಟ ರೀತಿ! ನನ್ನ ಅಳುವಿಗೆ ಬೆಲೆಯೇ ಇಲ್ಲವಾಯಿತು. ಸೋನಾಬಾಯಿಗೆ ಹೇಳಿದರೆ, "ಆಕಿಗೆ ಕರುಳು ಇಲ್ಲ ಬಿಡು" ಎಂದಳು.

೨೩ ಜನವರಿ, ಮಂಗಳವಾರ

ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಭೀಮಣ್ಣ ನಮ್ಮನ್ನು ನಿಲ್ಲಿಸಿದ. ಹೋದ ವಾರ ಗಾಡಿ ತಡವಾಗಿ ಹೊರಟಿತೆಂದು ಮ್ಯಾಡಮ್ ಅವನನ್ನು ಹಮಾಲರ ಎದುರಿಗೇ ಕೇಳಿದಳಂತೆ. ಅದು ಅವನಿಗೆ ಇನ್ನೂ ಇಳಿದಿಲ್ಲ. ಶನಿವಾರ ಮಾಲಕರು ಕಾರಖಾನೆಗೆ ಬರುತ್ತಾರೆ, ಎಲ್ಲರೂ ಹೋಗಿ ಹೇಳೋಣ ಎನ್ನುತ್ತಾನೆ. ಮಾಲಕರು ಅವಳನ್ನು ಕಾಯಂ ಮಾಡಿಲ್ಲ, ಆರು ತಿಂಗಳು ನೋಡೋಣ ಎಂದು ಇಟ್ಟುಕೊಂಡಿದ್ದಾರೆ.

"ನೋಡಕ್ಕಾ, ನಾ ಹೇಳಿದ್ರ ಭೀಮಣ್ಣಗ ಹೆಣ್ಮಗಳ ಕೈಕೆಳಗ ಮಾಡಾಕ ಆಗವಲ್ದು ಅಂತಾರ. ನೀವು ಹೆಣ್ಮಕ್ಕಳೇ ಹೇಳಿದ್ರ ಮಾಲಕರಿಗೆ ಖರೇ ಅನಸ್ತದ. ಅದ್ರಾಗ ನೀವು ಹಿರ್ಯಾರು."

ಹಿರಿಯಳು ಎಂದದ್ದು ಹಿತವಾಯಿತು. ನಾನೇ ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೇನೆ.

೨೫ ಜನವರಿ, ಗುರುವಾರ

ಇಂದೊಂದು ಕಂಡೆ.

ಮ್ಯಾಡಮ್ ಕೆಳಗಿನ ಡಬ್ಬಿಯ ಚೀಟಿ ಓದಲು ಬಗ್ಗಿದಳು. ಏಳುವಾಗ ಒಂದು ಕೈ ಸೊಂಟಕ್ಕೆ ಹೋಯಿತು, ಕಾಲು ಅಗಲವಾದವು, ಒಂದು ಗಳಿಗೆ ಹಾಗೇ ನಿಂತು ಉಸಿರು ಬಿಟ್ಟಳು. ಚಳಿ ಹೋದರೂ ಆ ದೊಗಳೆ ಜಾಕೀಟು ಯಾಕೆ ಬಿಡುತ್ತಿಲ್ಲ ಎಂದು ಆಗ ತಿಳಿಯಿತು. ಮೂರು ಹೆತ್ತವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಐದನೆಯ ತಿಂಗಳಿರಬೇಕು.

ಅವಳು ಯಾರಿಗೂ ಹೇಳಿಲ್ಲ. ಮಾಲಕರಿಗೂ ಹೇಳಿರಲಿಕ್ಕಿಲ್ಲ. ಶನಿವಾರ ಬೇರೆ ತಕರಾರೇ ಬೇಡ, ಇದೊಂದು ಮಾತು ಸಾಕು. ಬಾಣಂತನಕ್ಕೆ ಹೋಗುವವಳನ್ನು ಯಾರು ಕಾಯಂ ಮಾಡುತ್ತಾರೆ?

ಸೋನಾಬಾಯಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಯಾಕೋ ಹೇಳಲಿಲ್ಲ.

೨೭ ಜನವರಿ, ಶನಿವಾರ

ಹೋದೆವು. ಭೀಮಣ್ಣ ಸುತ್ತುಬಳಸಿ ಶುರುಮಾಡಿದ. ಮಾಲಕರು ಅವನನ್ನು ತಡೆದು ನನ್ನ ಕಡೆ ತಿರುಗಿದರು. "ಕಸ್ತೂರಬಾಯಿ, ನಿಮ್ಮ ತಕರಾರ ಏನದ?"

"ಚಹಾ," ಅಂದೆ.

"ಚಹಾ?"

"ಚಹಾದ ಟೈಮ್ ಬದಲಿ ಆಗ್ಯದ್ರಿ. ಹತ್ತೂವರಿಗೆ ಇತ್ತು, ಈಗ ಹನ್ನೊಂದಕ್ಕ ಆಗ್ಯದ."

ಮಾಲಕರು ನಕ್ಕುಬಿಟ್ಟರು. ಮ್ಯಾಡಮ್‌ಗೆ ಹೇಳುತ್ತೇನೆ ಹೋಗಿ ಎಂದರು. ಭೀಮಣ್ಣ ಹೊರಗೆ ಬಂದವನು ನನ್ನ ಕಡೆ ನೋಡಲೂ ಇಲ್ಲ. ಗಂಟಲು ಸರಿಯಿರಲಿಲ್ಲ, ಅದಕ್ಕೇ ಹೆಚ್ಚು ಮಾತಾಡಲಾಗಲಿಲ್ಲ.

೨೮ ಜನವರಿ, ರವಿವಾರ

ಏನೂ ಇಲ್ಲ. ಹಾಸಿಗೆ ಬಟ್ಟೆ ಒಗೆದೆ.

೧೭ ಫೆಬ್ರವರಿ, ಶನಿವಾರ

ಈಗಷ್ಟೇ ಮನೆಗೆ ಬಂದೆ. ಬರೆದು ಮಲಗುತ್ತೇನೆ.

ಮಧ್ಯಾಹ್ನ ಹೆಂಗಸರ ಬಾತ್‌ರೂಮಿನ ಒಳಗಿಂದ ಯಾರೋ "ಮಾವಶಿ, ಮಾವಶಿ" ಎಂದು ಕರೆದರು. ದನಿ ಗುರುತು ಸಿಗಲಿಲ್ಲ. ಆ ದನಿ ಯಾವತ್ತೂ ಹಾಗೆ ಕೇಳಿಸಿದ್ದೇ ಇಲ್ಲ. ಬಾಗಿಲು ತಳ್ಳಿದರೆ ಸ್ನೇಹಲ ಮ್ಯಾಡಮ್ ಗೋಡೆ ಹಿಡಿದು ನಿಂತಿದ್ದಾಳೆ. ಸಲವಾರಿನ ಮೇಲೆ ರಕ್ತ.

"ಯಾರಿಗೂ ಹೇಳಬ್ಯಾಡ್ರಿ," ಎಂದಳು. ಮೊದಲ ಮಾತು ಅದೇ.

ಸೋನಾಬಾಯಿಯನ್ನು ಕೂಗಿದೆ. ಅವಳು ಬಂದು ನೋಡಿದಳು. ಎರಡು ದೊಡ್ಡ ಟಾವೆಲ್ ತಂದು ಮ್ಯಾಡಮ್‌ಳ ಸೊಂಟಕ್ಕೆ ಸುತ್ತಿದಳು. ಇಬ್ಬರೂ ಸೇರಿ ಹಿಂದಿನ ಬಾಗಿಲಿಂದ ಹೊರಗೆ ಕರೆದುಕೊಂಡು ಬಂದೆವು. ಭೀಮಣ್ಣ ಎದುರಾಗಿ ಏನಾಯಿತೆಂದು ಕೇಳಿದರೆ ಸೋನಾಬಾಯಿ, "ಪಿತ್ತ ಆಗ್ಯದ, ನೀ ರಿಕ್ಷಾ ಕರಿ" ಎಂದಳು. ಅವನು ಓಡಿಹೋಗಿ ಕರೆತಂದ, ಅದನ್ನೂ ಬರೆಯಬೇಕು.

ರಿಕ್ಷಾದಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು. ಲಗ್ನವಾಗಿ ಏಳು ವರ್ಷಕ್ಕೆ ಬಸುರು ನಿಂತದ್ದಂತೆ. ಗಂಡನಿಗೆ ಪುಣೆಯಲ್ಲಿ ಕೆಲಸ. ತವರು ಅಕ್ಕಲಕೋಟ. ಇಲ್ಲಿ ಒಂದು ಖೋಲಿ ಹಿಡಿದು ಒಬ್ಬಳೇ ಇದ್ದಾಳೆ. ನನಗೆ ಇದೊಂದೂ ಗೊತ್ತಿರಲಿಲ್ಲ. ದಾರಿ ತುಂಬ ಹೊಂಡ. ನಾನು ರಿಕ್ಷಾದವನನ್ನು ಬೈದ ಬೈಗಳು ಕೇಳಿದ್ದರೆ ಸಾರಿಕಾನ ಅಪ್ಪ ಮೂರ್ಛೆ ಹೋಗುತ್ತಿದ್ದರು.

ದವಾಖಾನೆಯಲ್ಲಿ ಮಶೀನು ಹಚ್ಚಿದರು. ಡಾಕ್ಟರ್ ಬಾಯಿ ತೆರೆಯುವವರೆಗೆ ನಾನು ಅವರ ಮುಖವನ್ನೇ ನೋಡುತ್ತ ನಿಂತಿದ್ದೆ. ಆಮೇಲೆ ಅವರು ಆ ಮಶೀನಿನ ಸದ್ದು ಜೋರು ಮಾಡಿದರು. ದಡ್ ದಡ್ ದಡ್. ಕುದುರೆ ಓಡಿದ ಹಾಗೆ.

"ಕೂಸು ಛಲೋ ಅದ," ಎಂದರು. "ಮಾಸು ಕೆಳಗ ಅದ. ಹೆರಿಗಿ ತನಕ ಹಾಸಗಿ ಬಿಟ್ಟು ಏಳಂಗಿಲ್ಲ."

ಮ್ಯಾಡಮ್ ಅತ್ತಳು. ನಾನೂ ಅತ್ತೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಕೇಳಿದಳು, "ಮಾವಶಿ, ನಿಮಗ ಮೊದಲೇ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಅವತ್ತು ಮಾಲಕರ ಕಡೆ ಹೋದಾಗ ಯಾಕ ಹೇಳಲಿಲ್ಲ?"

"ಅವರು ಕೇಳಲಿಲ್ಲ," ಅಂದೆ.

ಅವಳ ಅವ್ವ ಇಂದುಬಾಯಿ ಅಕ್ಕಲಕೋಟದಿಂದ ಬರುವ ತನಕ ಕೂತಿದ್ದು ಬಂದೆ. ಬದುಕಿದೆವು.

೨೦ ಫೆಬ್ರವರಿ, ಮಂಗಳವಾರ

ಮ್ಯಾಡಮ್ ತಾನೇ ಮಾಲಕರಿಗೆ ಫೋನ್ ಮಾಡಿ ಎಲ್ಲ ಹೇಳಿದ್ದಾಳೆ. ಮಾಲಕರು ಬಹಳ ಸಿಟ್ಟಾದರಂತೆ. ಸೀಸನ್ ನಡುವೆ ಹೀಗೆ ಮಾಡಿದರೆ ಹೇಗೆ ಎಂದರಂತೆ. ಕೊನೆಗೆ ಒಂದು ಒಪ್ಪಂದ ಆಗಿದೆ. ಆರ್ಡರಿನ ಕೆಲಸವನ್ನು ಅವಳು ಹಾಸಿಗೆಯಲ್ಲೇ ಮಲಗಿ ಫೋನಿನ ಮೇಲೆ ನೋಡಿಕೊಳ್ಳಬೇಕು. ಇಲ್ಲಿ ಪ್ಯಾಕಿಂಗ್ ಹಾಲ್ ಮತ್ತು ಗಾಡಿ ಹೇರುವುದು, ಎರಡನ್ನೂ ನೋಡುವವರು ಯಾರು ಎಂದು ಕೇಳಿದ್ದಕ್ಕೆ ಅವಳು ನನ್ನ ಹೆಸರು ಹೇಳಿದ್ದಾಳೆ!

ನನಗೆ ಬೆವರು ಬಿಟ್ಟಿತು. ಹೆಂಗಸಿನ ಮಾತು ಯಾರು ಕೇಳುತ್ತಾರೆ? ನಾನೇ ಕೇಳುತ್ತಿರಲಿಲ್ಲ.

ಮನೆಯಲ್ಲಿ ಹೇಳಿದೆ. ಸಾರಿಕಾನ ಅಪ್ಪ ಬಹಳ ಹೊತ್ತು ಮೀಸೆ ತಿರುವಿ, "ಸಾಹೇಬ ಆದಿ ಅಂದ್ರ ಮುಂಜಾನಿ ರೊಟ್ಟಿ ಯಾರ್ ಬಡ್ಯಾವರು?" ಎಂದು ಕೇಳಿದರು. ಸಾರಿಕಾ ಒಳಗಿಂದ, "ಪಪ್ಪಾ, ಅಂಗಡ್ಯಾಗ ಕಡಕ್ ರೊಟ್ಟಿ ಸಿಗ್ತಾವ" ಎಂದಳು. ಅಲ್ಲಿಗೆ ಮುಗಿಯಿತು.

೪ ಮಾರ್ಚ್, ಸೋಮವಾರ

ಭೀಮಣ್ಣ ನನ್ನೊಡನೆ ನೇರ ಮಾತಾಡುವುದಿಲ್ಲ. ನಾನು ಎದುರಿಗೇ ನಿಂತಿದ್ದರೂ ಮುದುಕ ಹಮಾಲ ಶಾಂತಪ್ಪನ ಕಡೆ ತಿರುಗಿ, "ಗಾಡಿ ಯಾವಾಗ ಹಚ್ಚಬೇಕಂತ ಕೇಳು" ಎನ್ನುತ್ತಾನೆ. ನಾನು ಶಾಂತಪ್ಪನಿಗೆ ಹೇಳಬೇಕು, ಶಾಂತಪ್ಪ ಅವನಿಗೆ. ನಮ್ಮ ಮೂವರ ನಡುವೆ ಒಂದು ಮಾರಿನಷ್ಟೂ ಅಂತರವಿರುವುದಿಲ್ಲ. ಶಾಂತಪ್ಪನಿಗೆ ನಗು ತಡೆಯಲಾಗದೆ ಕೆಮ್ಮು ಬರುತ್ತದೆ.

ಇನ್ನು ನಮ್ಮ ಟೇಬಲ್ಲುಗಳು. ಮೊದಲು ನಾನೂ ಅವರ ನಡುವೆ ಕೂತು ಹರಟುತ್ತಿದ್ದೆ. ಈಗ ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಏನು ಮಾತಾಡುತ್ತಿದ್ದರು ಎಂದು ಊಹಿಸಲು ನನಗೇನು ಕಷ್ಟ?

ಸಂಜೆ ಮ್ಯಾಡಮ್‌ಗೆ ಫೋನಿನಲ್ಲಿ ಹೇಳಿದೆ. ಅವಳು, "ನಿಮಗಾದ್ರೂ ಸೋನಾಬಾಯಿ ಅದಾರ ಮಾವಶಿ" ಎಂದಳು.

೧೫ ಮಾರ್ಚ್, ಶುಕ್ರವಾರ

ಸೋನಾಬಾಯಿ ಸೂಟಿ ಕೇಳಲು ಬಂದಳು. ಅವಳ ಅಣ್ಣನ ಮಗ ಅಪ್ಪುವಿನ ನಿಶ್ಚಯ ಬರುವ ಗುರುವಾರ ಭಂಡಾರಕವಠೆಯಲ್ಲಿ. ಅದೇ ಗುರುವಾರ ದೊಡ್ಡ ಗಾಡಿ ಹೊರಡಬೇಕು. ಈಗಾಗಲೇ ನಾಲ್ವರು ಸೂಟಿಯಲ್ಲಿದ್ದಾರೆ. ಹೇಳುತ್ತ ಹೇಳುತ್ತ ಅವಳು ಸೆರಗು ಕಣ್ಣಿಗೆ ತಂದಳು.

"ಅಳಬ್ಯಾಡ ಸೋನಾ," ಅಂದೆ. "ಅರ್ಧ ದಿವಸ ಮಾಡಿ ಹೋಗು. ಮಧ್ಯಾಹ್ನದ ಬಸ್ಸಿಗೆ ಹತ್ತಿದ್ರ ಊಟದ ಹೊತ್ತಿಗೆ ಮುಟ್ಟತಿ. ನಿನ್ನ ಟೇಬಲ್ ಆಮ್ಯಾಲ ನಾ ನೋಡ್ತೀನಿ."

ಅವಳು ಸೆರಗು ಇಳಿಸಿ ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ.

"ಊರಾಗ ನಮ್ಮ ಅಕ್ಕಾರೆಲ್ಲ ಅರಿಶಿಣ ಹಚ್ಚೂ ಹೊತ್ತಿಗೆ ನಾ ಇಲ್ಲಿ ದಾರ ಕತ್ತರಿಸ್ಕೋತ ನಿಂದರಲೇನು? ನೀ ಹೇಳಿದ್ದೆಲ್ಲ, ನೆನಪದ ನನಗ. ಈಗ ನೀನೇ ಅತ್ತಿ ಆದಿ ನೋಡು."

ಎಂಥ ಮಾತು ಆಡಿದಳು! ನಾನು ಎಲ್ಲಿ, ಅತ್ತೆ ಎಲ್ಲಿ. ಮನಸ್ಸಿಗೆ ಬಹಳ ಹತ್ತಿತು.

೨೧ ಮಾರ್ಚ್, ಗುರುವಾರ

ಸೋನಾಬಾಯಿ ಬರಲಿಲ್ಲ. ಪೂರ್ತಿ ದಿವಸ. ಹಾಲ್‌ನವರೆಲ್ಲ ನಾನೇನು ಬರೆಯುತ್ತೇನೆ ಎಂದು ನೋಡುತ್ತಿದ್ದರು. ಗೈರುಹಾಜರಿ ಹಾಕಿದೆ. ಅವಳ ಟೇಬಲ್ಲನ್ನು ನಾನೇ ಮುಗಿಸಿದೆ. ಗಾಡಿ ಹೋಯಿತು.

೨೨ ಮಾರ್ಚ್, ಶುಕ್ರವಾರ

ಒಬ್ಬಳೇ ಉಂಡೆ.

೩೦ ಮಾರ್ಚ್, ಶನಿವಾರ

ಇವತ್ತೂ.

೧೨ ಏಪ್ರಿಲ್, ಶುಕ್ರವಾರ

ಮುಂಬೈಗೆ ಹೋಗುವ ಗಾಡಿ ಮಧ್ಯಾಹ್ನ ಬರುತ್ತದೆಂದು ಮಾಲಕರು ಬೆಳಿಗ್ಗೆಯೇ ಡಬ್ಬಿಗಳನ್ನು ಹೊರಗಿನ ಕಟ್ಟೆಯ ಮೇಲೆ ಇಡಿಸಿದ್ದರು. ಅಲ್ಲಿ ಮೇಲೆ ತಗಡಿಲ್ಲ. ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತು. ಮಾಲಕರು ಪುಣೆಗೆ ಹೋದರು. ಮೂರು ಗಂಟೆಯ ಸುಮಾರಿಗೆ ಪಡುವಣ ಕಡೆ ಕಪ್ಪಾಯಿತು. ಧೂಳು ಎದ್ದಿತು. ಹೋದ ತಿಂಗಳೆಲ್ಲ ನಾವು ನೋಡಿ, ಮಡಚಿ, ತುಂಬಿದ ಮಾಲು ಪೂರ್ತಿ ಆ ಕಟ್ಟೆಯ ಮೇಲಿದೆ. ಪರದೇಶದ ಹೋಟೆಲಿನವರ ಆರ್ಡರು. ನೆನೆದ ಮಾಲನ್ನು ಯಾರು ತೆಗೆದುಕೊಳ್ಳುತ್ತಾರೆ?

ಭೀಮಣ್ಣ ಬೇವಿನ ಗಿಡದ ಕೆಳಗೆ ತಂಬಾಕು ತಿಕ್ಕುತ್ತ ಕೂತಿದ್ದ. ಹಮಾಲರೂ ಅಲ್ಲೇ.

"ಭೀಮಣ್ಣಾ, ಡಬ್ಬಿ ಒಳಗ ತಗೋರಿ. ಮಳಿ ಬರ್ತದ."

ಅವನು ಶಾಂತಪ್ಪನ ಕಡೆ ತಿರುಗಿ, "ಮಾಲಕರು ಹೊರಗ ಇಡು ಅಂದಾರ. ಒಳಗ ಇಡು ಅಂತ ಅವರೇ ಅನ್ನಲಿ" ಎಂದ.

"ಮಾಲಕರ ಫೋನ್ ಹತ್ತವಲ್ದು. ನಾ ಹೇಳಾಕತ್ತೀನಲ್ಲ."

ಆಗ ನನ್ನ ಕಡೆ ನೋಡಿದ. ಎಷ್ಟೋ ದಿನಗಳಾದ ಮೇಲೆ ನೇರ ನೋಡಿದ್ದು. "ನೀವು ಹೇಳಾಕತ್ತೀರಿ. ಅದಕ್ಕೇ ಕುಂತೀನಿ."

ಒಂದಿಬ್ಬರು ನಕ್ಕರು. ನನ್ನ ಕಿವಿ ಬಿಸಿಯಾದವು. ಮ್ಯಾಡಮ್‌ಗೆ ಫೋನ್ ಮಾಡಲೇ ಎಂದುಕೊಂಡೆ. ಹಾಸಿಗೆಯ ಮೇಲಿರುವವಳು ಗಾಬರಿಯಾಗಿ ಎದ್ದು ಕೂತರೆ? ಬೇಡ ಎನಿಸಿತು. ಸೆರಗು ಸಿಕ್ಕಿಸಿಕೊಂಡು ಕಟ್ಟೆ ಹತ್ತಿ ಒಂದು ಡಬ್ಬಿ ಎತ್ತಿದೆ. ಭಾರವಿತ್ತು. ಒಂದನ್ನು ಒಳಗಿಟ್ಟು ಬರುವಷ್ಟರಲ್ಲಿ ದಪ್ಪ ಹನಿ ಬೀಳತೊಡಗಿದವು.

ಹಿಂದಿನಿಂದ ದನಿ ಬಂತು. ಸೋನಾಬಾಯಿ ಹಾಲ್‌ನ ಬಾಗಿಲಲ್ಲಿ ನಿಂತಿದ್ದಳು.

"ಏ ಭೀಮಣ್ಣಾ! ನಾ ಆಕಿ ಜೋಡಿ ಮಾತಾಡಂಗಿಲ್ಲ. ಅದು ನಂದು ಆಕಿದು. ನೀ ಯಾಂವ ಆಕಿ ಮಾತು ತಗದು ಹಾಕಾಂವ? ಏಳ್ತಿಯೋ, ನೀನೂ ಒಂದು ಡಬ್ಬಿ ಅಂತ ತಿಳದು ಎತ್ತಿ ಒಳಗ ಒಗೀಲ್ಯಾ?"

ಅಷ್ಟು ಹೇಳಿ ಕಟ್ಟೆಗೆ ಬಂದಳು. ಅವಳ ಹಿಂದೆ ಸುವರ್ಣಾ, ದೀಪಾಲಿ, ಹಾಲ್‌ನ ಎಲ್ಲ ಹೆಂಗಸರೂ ಬಂದರು. ಇಬ್ಬಿಬ್ಬರು ಒಂದೊಂದು ಡಬ್ಬಿ ಹಿಡಿದು ಓಡುತ್ತಿದ್ದೆವು. ಶಾಂತಪ್ಪ ಬಾಯಲ್ಲಿದ್ದ ತಂಬಾಕು ಉಗಿದು, "ಏಳ್ರೋ, ಮಾರಿ ಎತ್ತಿ ಹೆಂಗ ತಿರಗಾವರು ನಾಳಿ" ಎಂದು ಎದ್ದ. ಹಮಾಲರು ಬಂದರು. ಅವರು ಬಂದ ಮೇಲೆ ಕೆಲಸ ಬೇಗ ಸಾಗಿತು. ಎಲ್ಲರಿಗಿಂತ ಕೊನೆಗೆ ಭೀಮಣ್ಣ. ತಲೆಯ ಮೇಲೊಂದು, ಕಂಕುಳಲ್ಲೊಂದು ಹೊತ್ತು ನಡೆದ. ಕೊನೆಯ ಸಾಲು ಒಳಗಾಗುವಾಗ ಆಣೆಕಲ್ಲು ಬೀಳುತ್ತಿತ್ತು. ತಗಡಿನ ಮೇಲೆ ಎಂಥ ಸದ್ದು! ಮೇಲಿನ ಕೆಲವು ಡಬ್ಬಿಗಳ ರಟ್ಟು ಮಾತ್ರ ತೊಯ್ದಿತ್ತು. ಬಿಡಿಸಿ ನೋಡಿದೆವು, ಒಳಗೆ ಒಣಗಿಯೇ ಇತ್ತು.

ಎಲ್ಲರೂ ನೆಲದ ಮೇಲೆ ಕೂತು ಏದುಸಿರು ಬಿಡುತ್ತಿದ್ದೆವು. ನಾನು ಸೋನಾಬಾಯಿಯ ಹತ್ತಿರ ಹೋದೆ. "ಸೋನಾ..." ಎಂದೆ.

"ನಾ ಡಬ್ಬಿ ಸಲುವಾಗಿ ಬಂದೀನಿ," ಎಂದು ಸೆರಗು ಹಿಂಡಿಕೊಂಡು ಎದ್ದು ಹೋದಳು.

೧೩ ಏಪ್ರಿಲ್, ಶನಿವಾರ

ಮಾಲಕರು ಬಂದರು. ಭೀಮಣ್ಣನನ್ನೂ ನನ್ನನ್ನೂ ಕರೆಸಿ, ಹೆಂಗಸರು ಯಾಕೆ ಡಬ್ಬಿ ಹೊತ್ತರು ಎಂದು ಕೇಳಿದರು.

"ಒಳಗ ತಗೋರಿ ಅಂತ ನಾ ಹೇಳಿದೆ. ಅವರು ಏಳಲಿಲ್ಲ," ಅಂದೆ. "ಆಮ್ಯಾಲ ಎದ್ರು, ಎಲ್ಲಾರಕಿಂತ ಹೆಚ್ಚು ಹೊತ್ರು. ಎರಡೂ ಖರೇ ಅದ್ರಿ."

ಇನ್ನು ಮುಂದೆ ಗಾಡಿಯ ವಿಷಯದಲ್ಲಿ ಕಸ್ತೂರಬಾಯಿ ಹೇಳಿದ್ದೇ ಕಡೆಯ ಮಾತು ಎಂದು ಮಾಲಕರು ಅಲ್ಲೇ ಹೇಳಿದರು. ಹೊರಗೆ ಬಂದ ಮೇಲೆ ಭೀಮಣ್ಣ ತಂಬಾಕಿನ ಚೀಲ ತೆಗೆದು ಮತ್ತೆ ಕಿಸೆಗಿಟ್ಟ. ಆಮೇಲೆ, "ಸೋಮವಾರ ಗಾಡಿ ಎಂಟಕ್ಕ ಹಚ್ಚಲ್ಯಾ, ಒಂಬತ್ತಕ್ಕ?" ಎಂದ. ಸಿಟ್ಟಿನಲ್ಲೇ ಕೇಳಿದ, ಆದರೆ ನನ್ನನ್ನೇ ಕೇಳಿದ. ಶಾಂತಪ್ಪನಿಗೆ ಈಗ ಅರ್ಧ ಕೆಲಸ ಕಡಿಮೆ.

೩ ಮೇ, ಶುಕ್ರವಾರ

ಸೆಕೆ ಅಂದರೆ ಸೆಕೆ. ಮಧ್ಯಾಹ್ನ ಹಾಲ್‌ನಲ್ಲಿ ನಿಲ್ಲಲಾಗುವುದಿಲ್ಲ. ಫೋನಿನಲ್ಲಿ ಮ್ಯಾಡಮ್‌ಳೊಡನೆ ಮಾತಾಡಿ ಚಹಾ ಮತ್ತೆ ಹತ್ತೂವರೆಗೆ ಮಾಡಿಸಿದೆ. ಹನ್ನೊಂದಕ್ಕೆ ಯಾಕೆ ಇಟ್ಟಿದ್ದಳೆಂದರೆ ಹೊಲಿಗೆ ವಿಭಾಗದ ಮಾಲು ಹತ್ತೂವರೆಗೇ ಬಂದು ಬೀಳುತ್ತಿತ್ತಂತೆ. ಈಗ ಅದನ್ನೇ ಮುಂದಕ್ಕೆ ಹಾಕಿಸಿದ್ದಾಳೆ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ ಎಂದೆ. "ಯಾರೂ ಕೇಳಲಿಲ್ಲ ಮಾವಶಿ" ಎಂದು ನಕ್ಕಳು.

೨೧ ಮೇ, ಮಂಗಳವಾರ

ಗಂಡು! ಆಪರೇಷನ್ ಮಾಡಿ ತೆಗೆದರು. ತಾಯಿ ಮಗು ಇಬ್ಬರೂ ಕ್ಷೇಮ. ಇಂದುಬಾಯಿಯವರ ಫೋನು ಬಂದಾಗ ನಾನು ಹಾಲ್‌ನ ನಡುವೆ ನಿಂತಿದ್ದೆ. ಹೇಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಎಲ್ಲರೂ ಹೆದರಿದರು. ಕೊನೆಗೆ ಕೈಯಲ್ಲೇ ಸನ್ನೆ ಮಾಡಿ ತೋರಿಸಿದೆ. ಆ ಗದ್ದಲಕ್ಕೆ ಹಮಾಲರೂ ಓಡಿಬಂದರು. ಭೀಮಣ್ಣ ಎಲ್ಲರಿಗೂ ಪೇಢೆ ತರಿಸಿದ. ಸೋನಾಬಾಯಿ ದೂರದಿಂದಲೇ ನನ್ನ ಕಡೆ ನೋಡಿ ಕಣ್ಣೊರೆಸಿಕೊಂಡಳು.

ಫೆಬ್ರವರಿಯಿಂದ ಎದೆಯ ಮೇಲೆ ಏನೋ ಇಟ್ಟಂತಿತ್ತು. ಇಂದು ಇಳಿಯಿತು.

೯ ಜೂನ್, ರವಿವಾರ

ಅಕ್ಕಲಕೋಟಕ್ಕೆ ಹೋಗಿ ಬಂದೆ.

ಕೂಸು ನೋಡಲು ಒಬ್ಬಳೇ ಹೊರಟಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನೋಡಿದರೆ ಸೋನಾಬಾಯಿ ಒಂದು ಗಂಟು ಹಿಡಿದು ನಿಂತಿದ್ದಾಳೆ. ನಾನು ಕರೆದಿರಲಿಲ್ಲ. ರವಿವಾರವಾದ್ದರಿಂದ ಬಸ್ಸಿನಲ್ಲಿ ಅಕ್ಕಲಕೋಟದ ಸ್ವಾಮಿಯ ದರ್ಶನಕ್ಕೆ ಹೋಗುವವರ ನೂಕುನುಗ್ಗಲು. ಅವಳೇ ಕಿಟಕಿಯಿಂದ ಚೀಲ ಒಳಗೆ ಎಸೆದು ಇಬ್ಬರಿಗೂ ಸೀಟು ಹಿಡಿದಳು. ಊರು ದಾಟುವವರೆಗೆ ಇಬ್ಬರೂ ಮುಂದೆ ನೋಡುತ್ತ ಕೂತಿದ್ದೆವು.

"ಅವತ್ತು ನೀ ಸೂಟಿ ಕೊಡಬೇಕಿತ್ತು," ಎಂದಳು.

"ಕೊಡಾಕ ಬರ್ತಿದ್ದಿಲ್ಲ ಸೋನಾ. ಮಂದಿ ಇರಲಿಲ್ಲ."

"ಗೊತ್ತದ ನನಗ. ಆದ್ರೂ ಕೊಡಬೇಕಿತ್ತು."

"ನೀ ಆದ್ರೂ ಹೇಳದೆ ಹೋದಿ."

"ಹೇಳಿದ್ರ ಬ್ಯಾಡ ಅಂತಿದ್ದಿ."

"ಅಂತಿದ್ದೆ."

ಅವಳಿಗೆ ಮೊದಲು ನಗು ಬಂತು. ಆಮೇಲೆ ನನಗೆ. ಮುಂದಿನ ಸೀಟಿನವರು ಹೊರಳಿ ನೋಡುವಷ್ಟು ನಕ್ಕೆವು. ನಗು ನಿಂತ ಮೇಲೆ ಅವಳು ಅಪ್ಪುವಿನ ಬೀಗರ ಕಥೆ ಶುರುಮಾಡಿದವಳು ಅಕ್ಕಲಕೋಟ ಬರುವ ತನಕ ಬಿಡಲಿಲ್ಲ. ಎಷ್ಟು ತಿಂಗಳ ಮಾತು ಅವಳ ಹೊಟ್ಟೆಯಲ್ಲಿತ್ತೋ!

ಇಂದುಬಾಯಿಯವರ ಮನೆ ಹಳೆ ಪೇಟೆಯ ಹಿಂದೆ. ಸ್ನೇಹಲ ಬಹಳ ಸೊರಗಿದ್ದಾಳೆ. ಕೂಸು ಮಾತ್ರ ದುಂಡಗಿದೆ, ತಲೆ ತುಂಬ ಕೂದಲು. ಸೋನಾಬಾಯಿ ಗಂಟು ಬಿಚ್ಚಿ ತನ್ನ ಕೈಯಿಂದ ಹೊಲಿದ ಚಿಕ್ಕ ಕೌದಿ ತೆಗೆದಳು. ಯಾವಾಗ ಹೊಲಿದಳೋ, ನನಗೆ ಸುಳಿವೇ ಇಲ್ಲ.

ಚಹಾ ಕುಡಿದ ಮೇಲೆ ಸ್ನೇಹಲ ಮೆಲ್ಲಗೆ ಹೇಳಿದಳು. ಅತ್ತೆಯ ಮನೆಯವರು ಕೆಲಸ ಸಾಕು ಎನ್ನುತ್ತಿದ್ದಾರಂತೆ. ಗಂಡ ನಿನ್ನಿಷ್ಟ ಎಂದಿದ್ದಾನಂತೆ. "ನನಗ ಬರಬೇಕಂತ ಅದ ಮಾವಶಿ. ಆದ್ರ ಮಾಲಕರು ನನ್ನ ಜಾಗಾಕ್ಕ ಯಾರನ್ನರ ತಗೊಂಡಾರೋ ಏನೋ. ಕೇಳಾಕ ಧೈರ್ಯ ಆಗವಲ್ದು. ದಿನಾ ಫೋನ್ ಕೈಯಾಗ ಹಿಡೀತೀನಿ, ಇಡ್ತೀನಿ."

"ಈಗ ಹಚ್ಚರಿ," ಅಂದೆ. "ನಮ್ಮ ಮುಂದ."

ಹಚ್ಚಿದಳು. ಕೂಸಿನ ಕಡೆ ಒಂದು ಕೈ ಬೇಕಾದ್ದರಿಂದ ಫೋನನ್ನು ಹಾಸಿಗೆಯ ಮೇಲಿಟ್ಟು ದನಿ ದೊಡ್ಡದು ಮಾಡಿದಳು.

"ಸಾಹೇಬ್ರ, ನಾ ಸೆಪ್ಟೆಂಬರ್ ಎರಡಕ್ಕ ಬರಬೇಕಂತ ಮಾಡೀನಿ. ನನ್ನ ಜಾಗಾ..."

"ಬರ್ರಿ ಬರ್ರಿ," ಮಾಲಕರ ದನಿ ಕೋಣೆ ತುಂಬ ಕೇಳಿಸಿತು. "ನಿಮ್ಮ ಜಾಗಾ ಎಲ್ಲಿ ಹೋಗ್ತದ? ಹೋದ ತಿಂಗಳ ಪುಣೆದಿಂದ ಒಬ್ಬ ಇಂಜಿನಿಯರ್‌ನ ಕರಕೊಂಡು ಬಂದಿದ್ದೆ. ಕಸ್ತೂರಬಾಯಿ ನಿಮ್ಮ ಕ್ಯಾಬಿನ್ ಬಾಗಲದಾಗೇ ನಿಂತ್ರು. 'ಸಾಹೇಬ್ರ, ಈ ಜಾಗಾ ಖಾಲಿ ಇಲ್ಲ. ಇದರಾಕಿ ಬಾಣಂತನಕ್ಕ ಹೋಗ್ಯಾಳ, ಬರ್ತಾಳ' ಅಂದ್ರು. ಭೀಮಣ್ಣನೂ ಹಿಂದ ನಿಂತು ತಲಿ ಹಾಕಿದ. ಆ ಮನಶ್ಯಾ ಚಹಾ ಸುದ್ದಾ ಕುಡೀಲಿಲ್ಲ, ಹೋದ. ನನಗೂ ಮತ್ತ ಯಾರನ್ನ ಕರಕೊಂಡು ಬರೂ ಧೈರ್ಯ ಆಗಲಿಲ್ಲ. ನೀವು ಬಂದ ಮ್ಯಾಲ ಇಬ್ರನ್ನೂ ಕಾಯಂ ಮಾಡೂದದ, ನಿಮ್ಮನ್ನೂ, ಹಾಲ್ ನೋಡಾಕ ಅವರನ್ನೂ."

ಎಲ್ಲರೂ ನನ್ನ ಕಡೆ ನೋಡಿದರು. ಇದನ್ನು ನಾನು ಇಲ್ಲಿ ಬರೆದಿರಲಿಲ್ಲ. ಆ ದಿನ ಎರಡು ಗಾಡಿ ಹೊರಡಬೇಕಿತ್ತು, ಮನೆಗೆ ಬರುವಾಗ ಸಾಕಾಗಿಹೋಗಿತ್ತು. ಬರೆಯುವಂಥದ್ದೇನು ಅದರಲ್ಲಿ? ಖಾಲಿ ಇಲ್ಲದ ಜಾಗವನ್ನು ಖಾಲಿ ಇಲ್ಲ ಎಂದೆ.

ಸ್ನೇಹಲ ಏನೋ ಹೇಳಲು ಹೋದಳು. ನಾನು, "ಕೂಸಿಗೆ ಸೆಕಿ ಆಗಾಕತ್ತದ, ಕಿಡಕಿ ತಗೀರಿ" ಎಂದೆ. ಇಂದುಬಾಯಿ ಕಿಟಕಿ ತೆರೆದರು. ಎಲ್ಲೋ ಮಳೆಯಾಗಿರಬೇಕು, ತಂಪು ಗಾಳಿ ಬಂತು. ಸೋನಾಬಾಯಿ ಕೂಸನ್ನು ಸ್ನೇಹಲಳ ಮಗ್ಗುಲಿಂದ ಎತ್ತಿಕೊಂಡು ಅಂಗಳಕ್ಕೆ ಹೋದಳು. ಮಾತಾಡುತ್ತ ಮಾತಾಡುತ್ತ ಸ್ನೇಹಲಳ ಕಣ್ಣು ಮುಚ್ಚಿದವು. ಹೆರಿಗೆಯಾದಾಗಿನಿಂದ ಹೀಗೆ ಮಲಗಿದ್ದೇ ಇಲ್ಲ ಎಂದು ಇಂದುಬಾಯಿ ಪಿಸುಗುಟ್ಟಿದರು.

ನಾವು ಅವಳನ್ನು ಎಬ್ಬಿಸದೆ, ಕೂಸನ್ನು ಇಂದುಬಾಯಿಯವರ ಕೈಗೆ ಕೊಟ್ಟು, ಬಾಗಿಲು ಮುಂದೆ ಮಾಡಿ ಬಂದೆವು.